ನೀರು, ಬೆಂಕಿ ಮತ್ತು ನಮ್ಮ ಸೋದರಮಾವ

ನೀರಿಗೂ ಬೆಂಕಿಗೂ ಹುಟ್ಟು ಹಗೆತನವೆಂಬ ಭಾವನೆ ನಮ್ಮ ಆಡುಮಾತಿನಲ್ಲಿ ಆಳವಾಗಿ ಬೇರುಬಿಟ್ಟಿದೆ. ಆದರೆ ನಮ್ಮ ಕವಿಗಳು ಈ ಹಗೆತನವನ್ನು ಪೂರ್ತಿಯಾಗಿ ಒಪ್ಪಿಕೊಂಡವರಲ್ಲ. ಸಮುದ್ರದ ಗರ್ಭದಲ್ಲಿ ಬಡಬಾನಲವೆಂಬ ಬೆಂಕಿಯುಂಟು, ಅದು ನೀರಿನಿಂದ ಆರುವುದಿಲ್ಲ, ನೀರನ್ನೇ ಕುಡಿದು ಬದುಕುತ್ತದೆ ಎಂದು ಅವರು ಹಾಡುತ್ತ ಬಂದಿದ್ದಾರೆ. ಹಳಗನ್ನಡದ ಪಾಠ ಹೇಳುವಾಗ ಈ ಬಡಬಾನಲ ಬಂತೆಂದರೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬ ವಿದ್ಯಾರ್ಥಿ "ಅದು ಹ್ಯಾಂಗ ಸಾಧ್ಯ ಸರ್?" ಎಂದು ಕೇಳಿಯೇ ಕೇಳುತ್ತಾನೆ. ಅದು ಕವಿಸಮಯವಪ್ಪಾ ಎಂದು ನಾನು ಮುಂದಿನ ಪದ್ಯಕ್ಕೆ ದಾಟುತ್ತೇನೆ. ತರಗತಿಗೆ ಅಷ್ಟು ಉತ್ತರ ಸಾಕು. ಹಾನಗಲ್ಲಿನಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿರುವ ನಮ್ಮ ಸೋದರಮಾವನವರಿಗೆ ಅದು ಸಾಕಾಗಲಿಲ್ಲ.

ಕಳೆದ ದೀಪಾವಳಿಯ ಮರುದಿನ ಅವರು ನನ್ನ ಕೈಗೆ ನಾಲ್ಕು ಪುಟದ ಬಣ್ಣದ ಹಾಳೆಯೊಂದನ್ನು ಕೊಟ್ಟರು. ಕಟ್ಟಿಗೆ, ಹೊಟ್ಟು, ಗೋವಿನಜೋಳದ ಬೆಂಡು ಇವುಗಳಿಂದ ಗ್ಯಾಸು ತೆಗೆದು ಎಂಜಿನ್ನು ನಡೆಸುವ ಯಂತ್ರದ ಜಾಹೀರಾತು ಅದು.

"ಅಳಿಯಾ, ನೀ ಎಂ.ಎ. ಮಾಡೀಯಲ್ಲ, ಇದನ್ನೊಂದಿಷ್ಟು ಓದಿ ಅರ್ಥಾ ಹೇಳು."

"ಮಾಮಾ, ನಾನು ಎಂ.ಎ. ಮಾಡಿದ್ದು ಕನ್ನಡದಾಗ. ಇದು ಯಂತ್ರದ ವಿಷಯ."

"ಹಾಳಿ ಕನ್ನಡದಾಗ ಐತಿ ಹೌದಿಲ್ಲೋ? ಮತ್ತ?"

ಈ ವಾದಕ್ಕೆ ಉತ್ತರವಿಲ್ಲ. ಹಾಳೆಯನ್ನು ಓದಿದೆ. ಅದರ ತಿರುಳು ಇಷ್ಟು: "ಒಣಗಿಸುವ ತೊಂದರೆ ಇಲ್ಲ. ಹಸಿಯಾಗಿದ್ದಷ್ಟೂ ಒಳ್ಳೆಯದು, ಒಳಗಿನ ನೀರೇ ಗ್ಯಾಸಾಗುತ್ತದೆ. ಅಧಿಕ ಒತ್ತಡದ ತಂತ್ರದಿಂದ ಅಧಿಕ ಗ್ಯಾಸು." ಇದನ್ನು ಮಾರಲು ಬಂದಿದ್ದ ಏಜಂಟನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರಿಗೇ ಬೆಂಕಿ ಹತ್ತಿಸುವ ಯಂತ್ರವಿದು ಎಂದು ಹೇಳಿಹೋಗಿದ್ದನಂತೆ. ಯಂತ್ರದ ಬೆಲೆ ಸಣ್ಣದಲ್ಲ. ಮಾವನವರು ಧರ್ಮಾ ಕಾಲುವೆಯ ಕೆಳಗಿನ ಎರಡು ಎಕರೆ ಗದ್ದೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ತೆಗೆಯುವ ಯೋಚನೆಯಲ್ಲಿದ್ದರು. ಆ ಗದ್ದೆ ನಮ್ಮ ಅಜ್ಜ ಕೊಂಡದ್ದು. ನಮ್ಮ ತಾಯಿಯೂ ಬಾಲ್ಯದಲ್ಲಿ ಅಲ್ಲಿ ಸಸಿ ನೆಟ್ಟವರು. ಹೀಗಾಗಿ ಆ ಹಾಳೆಯಲ್ಲಿದ್ದ "ನೀರೇ ಗ್ಯಾಸಾಗುತ್ತದೆ" ಎಂಬ ಮಾತಿನ ಅರ್ಥವನ್ನು ನಾನು ಯಾವ ಪದ್ಯದ ಅರ್ಥಕ್ಕಿಂತಲೂ ಹೆಚ್ಚಿನ ಕಾಳಜಿಯಿಂದ ಹುಡುಕಬೇಕಾಯಿತು.

ಕಟ್ಟಿಗೆಯಿಂದ ಗ್ಯಾಸು ತೆಗೆಯುವ ಉಪಾಯ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಶನ್ನು ಬಂದಾಗ ನಮ್ಮ ನಾಡಿನ ರಸ್ತೆಗಳಲ್ಲಿ ಇದ್ದಲಿ ಗ್ಯಾಸಿನ ಬಸ್ಸುಗಳು ಓಡಾಡಿದವು. ಬಸ್ಸಿನ ಹಿಂಬದಿಗೆ ಹಂಡೆಯಂಥ ದೊಡ್ಡ ಉರುಳೆ. ಅದರಲ್ಲಿ ಇದ್ದಲಿ ತುಂಬಿ, ಕಿಡಿ ಹಚ್ಚಿ, ಪಂಖ ತಿರುವಿ, ಗ್ಯಾಸು ಹದಕ್ಕೆ ಬರುವವರೆಗೆ ಪ್ರಯಾಣಿಕರು ಕಾಯುತ್ತ ಕುಳಿತಿರಬೇಕು. ಏರು ಬಂದರೆ ಇಳಿದು ತಳ್ಳಬೇಕು. ಹಿರಿಯರು ಈ ಕಥೆಯನ್ನು ಹೇಳುವಾಗ ನಗುತ್ತಿದ್ದರು, ತಳ್ಳುವಾಗ ನಕ್ಕಿರಲಾರರು. ಯುರೋಪಿನಲ್ಲಿಯೂ ಆಗ ಲಕ್ಷಾಂತರ ವಾಹನಗಳು ಇದೇ ಬಗೆಯಲ್ಲಿ ಕಟ್ಟಿಗೆ ತಿಂದು ಓಡಿದವು. ಯುದ್ಧ ಮುಗಿದು ಪೆಟ್ರೋಲು ಬಂದೊಡನೆ ಉರುಳೆಗಳೆಲ್ಲ ಗುಜರಿಗೆ ಹೋದವು.

ಇದರ ಗುಟ್ಟು ಬೆಂಕಿಯನ್ನು ಅರೆಹೊಟ್ಟೆಯಲ್ಲಿಡುವುದು. ಪೂರ್ತಿ ಗಾಳಿ ಕೊಟ್ಟರೆ ಕಟ್ಟಿಗೆ ಉರಿದು ಬೂದಿಯಾಗುತ್ತದೆ. ಬೇಕಾದ ಗಾಳಿಯ ಮೂರನೆಯ ಒಂದು ಪಾಲನ್ನೋ ಕಾಲು ಪಾಲನ್ನೋ ಕೊಟ್ಟರೆ ಅದು ಉರಿದು ಮುಗಿಯಲಾರದೆ ಉರಿಯಬಲ್ಲ ಅನಿಲವನ್ನು ಹೊರಬಿಡುತ್ತದೆ. ಆ ಅನಿಲವನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಕೊಟ್ಟರೆ ಅಲ್ಲಿ ಅದರ ಉಳಿದ ಉರಿ ನಡೆಯುತ್ತದೆ. ಇಷ್ಟು ನನಗೆ ಸುಲಭವಾಗಿ ತಿಳಿಯಿತು. ತಿಳಿಯದೇ ಇದ್ದದ್ದು ನೀರಿನ ವಿಷಯ. ಅದಕ್ಕೆ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೇ ಗತಿಯಾದರು.

ನಾನು ಪಾಠ ಹೇಳುವುದು ಶಿಗ್ಗಾಂವಿಯಲ್ಲಿ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಕನ್ನಡದ ಮೇಜಿಗೂ ರಸಾಯನಶಾಸ್ತ್ರದ ಮೇಜಿಗೂ ನಡುವೆ ಒಂದು ಕುಡಿಯುವ ನೀರಿನ ಹೂಜಿಯಷ್ಟೇ ಅಡ್ಡ. ಹಾಳೆಯನ್ನು ನೋಡಿ ನನ್ನ ಸಹೋದ್ಯೋಗಿ ನಗಲಿಲ್ಲ. ಅದೇ ನನಗೆ ಸೋಜಿಗವಾಯಿತು. "ಇದರಾಗಿನ ಒಂದೊಂದು ಮಾತೂ ಎಲ್ಲೋ ಒಂದು ಕಡೆ ಖರೇನ ಐತ್ರಿ" ಎಂದರು. "ಎಲ್ಲಾ ಒಂದೇ ಕಡೆ ಖರೇ ಅಲ್ಲ, ಅಷ್ಟ."

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ. ಕೆಂಪಗೆ ಕಾದ ಇದ್ದಲಿಯ ಮೇಲೆ ನೀರಿನ ಆವಿಯನ್ನು ಹಾಯಿಸಿದರೆ ನೀರು ಒಡೆಯುತ್ತದೆ. ನೀರಿನಲ್ಲಿರುವ ಆಮ್ಲಜನಕವನ್ನು ಇಂಗಾಲ ಕಸಿದುಕೊಂಡು ಇಂಗಾಲದ ಮಾನಾಕ್ಸೈಡ್ ಆಗುತ್ತದೆ; ಒಡನಾಡಿಯನ್ನು ಕಳೆದುಕೊಂಡ ಜಲಜನಕ ಬಿಡುಗಡೆಯಾಗುತ್ತದೆ. ಎರಡೂ ಉರಿಯುವ ಅನಿಲಗಳೇ. 1780ರಲ್ಲಿ ಇಟಲಿಯ ಫೆಲಿಚೆ ಫೊಂಟಾನಾ ಎಂಬ ವಿಜ್ಞಾನಿ ಇದನ್ನು ಕಂಡುಕೊಂಡ. ಈ ಜೋಡಿಗೆ ನಮ್ಮ ಪಠ್ಯಪುಸ್ತಕಗಳು ಜಲಾನಿಲವೆಂದು ಹೆಸರಿಟ್ಟಿವೆ. ಒಂದು ಕಿಲೊ ಇಂಗಾಲವು ಒಂದೂವರೆ ಕಿಲೊ ನೀರಿನೊಡನೆ ಹೀಗೆ ಕೂಡಿ ಅನಿಲವಾಗಬಲ್ಲದು. ಬಡಬಾನಲಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗಲಾರದು. ಏಜಂಟನ ಮಾತೂ ಇಲ್ಲಿಗೆ ಸರಿಯೇ.

ಆದರೆ ನೀರು ಪುಕ್ಕಟೆಯಾಗಿ ಒಡೆಯುವುದಿಲ್ಲ. ಅದನ್ನು ಒಡೆಯಲು ಶಾಖ ಬೇಕು, ಅದೂ ಅಪಾರವಾಗಿ. ಆವಿಯಾಗಿರುವ ಒಂದು ಕಿಲೊ ನೀರನ್ನು ಇಂಗಾಲದೊಡನೆ ಕೂಡಿಸಿ ಒಡೆಯಲು ಸುಮಾರು 7,300 ಕಿಲೊಜೂಲ್ ಶಾಖ ಖರ್ಚಾಗುತ್ತದೆ. ಆ ಶಾಖವನ್ನು ಕೊಡಬೇಕಾದದ್ದು ಅದೇ ಕೆಂಡ. ಹಿಂದೆ ಜಲಾನಿಲವನ್ನು ತಯಾರಿಸುತ್ತಿದ್ದ ಕಾರಖಾನೆಗಳಲ್ಲಿ ಇದಕ್ಕಾಗಿಯೇ ಒಂದು ವಿಚಿತ್ರ ಪದ್ಧತಿ ಇತ್ತಂತೆ. ಮೊದಲು ಕೆಲವು ನಿಮಿಷ ಗಾಳಿಯೂದಿ ಕೋಕನ್ನು ಬೆಳ್ಳಗೆ ಕಾಯಿಸುವುದು. ಆಮೇಲೆ ಗಾಳಿ ನಿಲ್ಲಿಸಿ ಆವಿ ಬಿಡುವುದು. ಆವಿ ಹಾಯುತ್ತಿದ್ದಂತೆ ಕೆಂಡ ಕಂದುತ್ತ ಬರುತ್ತದೆ, ಅನಿಲದ ಗುಣ ಕೆಡುತ್ತದೆ. ಆಗ ಆವಿ ನಿಲ್ಲಿಸಿ ಮತ್ತೆ ಗಾಳಿ. ಒಳಗೆಳೆದುಕೊಂಡು ಹೊರಬಿಡುವ ಉಸಿರಿನಂತೆ ದಿನವಿಡೀ ಇದೇ ಕೆಲಸ. ಇಂಗಾಲಕ್ಕೂ ಆವಿಗೂ 700 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಕೂಡಿಕೆ ಬಹಳ ನಿಧಾನ. 800, 900 ಡಿಗ್ರಿಯಲ್ಲಿ ಅದು ಲಗುಬಗೆಯಿಂದ ನಡೆಯುತ್ತದೆ.

ಈ ಮಾತಿಗೆ ಸಾಕ್ಷಿಯನ್ನು ನಾನು ಶಿಗ್ಗಾಂವಿಯ ಕಮ್ಮಾರಸಾಲೆಯಲ್ಲಿ ಬಹಳ ದಿನಗಳಿಂದ ನೋಡುತ್ತಿದ್ದೆ. ತಿದಿಯೊತ್ತುತ್ತಿರುವಾಗ ಕಮ್ಮಾರನು ನಡುನಡುವೆ ಇದ್ದಲಿಯ ಮೇಲೆ ನೀರು ಚಿಮುಕಿಸುತ್ತಾನೆ. ಕೇಳಿದರೆ "ಉರಿ ಜೋರಾಗತೈತ್ರಿ ಸರ" ಎನ್ನುತ್ತಾನೆ. ಚಿಮುಕಿಸಿದ ನೀರಿನ ಮುಖ್ಯ ಕೆಲಸ ಬೆಂಕಿ ಅಂಚಿಗೆ ಹರಡದಂತೆ ಅದನ್ನು ನಡುವೆ ಕಟ್ಟಿಹಾಕುವುದು. ಕೆಂಡದ ಒಡಲನ್ನು ಮುಟ್ಟಿದ ಸ್ವಲ್ಪ ನೀರು ಜಲಾನಿಲವಾಗಿ ಮೇಲೆದ್ದು ಉರಿದು ನಾಲಗೆ ಚಾಚುವುದೂ ಉಂಟು. ಆದರೆ ಆ ನಾಲಗೆ ಕೊಡುವ ಶಾಖ, ಕೆಂಡ ನೀರಿಗೆ ಕೊಟ್ಟ ಸಾಲ ಮರಳಿ ಬಂದದ್ದು ಮಾತ್ರ. ನೀರಿನಿಂದ ಹೊಸದಾಗಿ ಒಂದು ಚಿಟಿಕೆಯಷ್ಟು ಶಾಖವೂ ಹುಟ್ಟುವುದಿಲ್ಲ. ಕಮ್ಮಾರನಿಗೆ ನಾನು ಇದನ್ನು ಹೇಳಲಿಲ್ಲ. ಅವನ ಕುಡುಗೋಲು ಹದವಾಗಿಯೇ ಇರುತ್ತದೆ. ನನ್ನ ವ್ಯಾಖ್ಯಾನದಿಂದ ಅದು ಇನ್ನಷ್ಟು ಹರಿತವಾಗುವ ಹಾಗಿಲ್ಲ.

ಇನ್ನು, ಹುಟ್ಟಿದ ಮಾನಾಕ್ಸೈಡ್ ಮತ್ತೊಮ್ಮೆ ಆವಿಯೊಡನೆ ಸೇರಿ ವ್ಯವಹಾರ ನಡೆಸುತ್ತದೆ. ಇನ್ನೊಂದು ಆಮ್ಲಜನಕವನ್ನು ಪಡೆದು ಡಯಾಕ್ಸೈಡ್ ಆಗುತ್ತದೆ, ಮತ್ತಷ್ಟು ಜಲಜನಕವನ್ನು ಬಿಡುತ್ತದೆ. ಇದರಲ್ಲಿ ಶಾಖ ಸ್ವಲ್ಪ ಹೊರಬರುತ್ತದೆ. ಹೀಗಾಗಿ ಇದಕ್ಕೆ ಹೆಚ್ಚಿನ ಕಾವು ಹಿಡಿಸದು. 800 ಡಿಗ್ರಿಯನ್ನು ತುಸು ದಾಟಿದಲ್ಲಿ ಎರಡೂ ಕಡೆಯ ತಕ್ಕಡಿ ಸಮ. ಅದಕ್ಕಿಂತ ಕಾವು ಕಡಿಮೆಯಾದರೆ ಜಲಜನಕದ ಕಡೆಗೆ ವಾಲುತ್ತದೆ, ಹೆಚ್ಚಾದರೆ ಮಾನಾಕ್ಸೈಡಿನ ಕಡೆಗೆ. ಒಂದೇ ನೀರು, ಒಂದು ಕೆಲಸಕ್ಕೆ ಬೆಂಕಿ ಬಲವಾಗಿರಬೇಕು, ಇನ್ನೊಂದಕ್ಕೆ ಮೆದುವಾಗಿರಬೇಕು.

"ಹಂಗಾದರ ಒತ್ತಡ?" ಎಂದು ಕೇಳಿದೆ. ಮಾವನವರನ್ನು ಹೆಚ್ಚಾಗಿ ಸೆಳೆದಿದ್ದುದು ಆ ಶಬ್ದವೇ. ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವಂತೆ ಒತ್ತಡದ ಯಂತ್ರದಲ್ಲಿ ಗ್ಯಾಸೂ ಬೇಗ ಆಗುತ್ತದೆಂದು ಏಜಂಟ ಅವರಿಗೆ ಒಪ್ಪಿಸಿದ್ದ.

ಸಹೋದ್ಯೋಗಿ ಕಿಟಕಿಯಿಂದ ಹೊರಗೆ ನೋಡಿದರು. ಸವಣೂರಿನ ಬಸ್ಸು ಅದೇ ತಾನೆ ನಿಂತಿತ್ತು. "ಆ ಬಸ್ ನೋಡ್ರಿ. ಖಾಲಿ ಇದ್ದಾಗ ತಾಯಿಗೊಂದು ಸೀಟು, ಕೂಸಿಗೊಂದು ಸೀಟು. ಮಂದಿ ತುಂಬಿ ಒತ್ತಿದರಂದರ ಕೂಸು ತಾಯಿ ತೊಡೀ ಮ್ಯಾಲೆ. ಅನಿಲಗಳದೂ ಅದೇ ರೀತಿ. ಒತ್ತಿದಷ್ಟೂ ಕಡಿಮೆ ಜಾಗ ಹಿಡಿಯೋ ಜೋಡಣೆಗೆ ಹೋಗತಾವ."

1884ರಲ್ಲಿ ಫ್ರಾನ್ಸಿನ ಆಂರಿ ಲ ಶಾತಲಿಯೆ ಹೇಳಿದ ನಿಯಮವಂತೆ ಇದು. ಅದನ್ನು ನಮ್ಮ ಪ್ರಶ್ನೆಗೆ ಹಚ್ಚಿ ನೋಡೋಣ. ಕೆಂಡ ಘನವಸ್ತು, ಅದರ ಜಾಗ ಲೆಕ್ಕಕ್ಕಿಲ್ಲ. ಒಂದು ಪಾಲು ಆವಿ ಒಡೆದರೆ ಒಂದು ಪಾಲು ಮಾನಾಕ್ಸೈಡ್, ಒಂದು ಪಾಲು ಜಲಜನಕ, ಒಂದಿದ್ದದ್ದು ಎರಡಾಗುತ್ತದೆ. ಒತ್ತಡ ಹೆಚ್ಚಿಸಿದರೆ ಈ ಒಡೆತಕ್ಕೆ ಅಡ್ಡಿಯೇ ಹೊರತು ಸಹಾಯವಿಲ್ಲ. ಎರಡನೆಯ ವ್ಯವಹಾರದಲ್ಲಿ ಎರಡು ಪಾಲು ಹೋಗಿ ಎರಡು ಪಾಲು ಬರುತ್ತದೆ. ಅಲ್ಲಿ ಒತ್ತಡ ತಟಸ್ಥ. ಒತ್ತಡಕ್ಕೆ ಪ್ರಿಯವಾದದ್ದು ಮೂರನೆಯದು: ಒಂದು ಪಾಲು ಮಾನಾಕ್ಸೈಡೂ ಮೂರು ಪಾಲು ಜಲಜನಕವೂ ಸೇರಿ ಒಂದು ಪಾಲು ಮಿಥೇನ್, ಒಂದು ಪಾಲು ನೀರು ಆಗುವುದು. ನಾಲ್ಕು ಪಾಲು ಹೋಗಿ ಎರಡಾಯಿತು. ಇದಕ್ಕೆ ಕಾವು ಏರಿದರೆ ಆಗದು. ಹೆಚ್ಚು ಕಾವು ಮಿಥೇನನ್ನು ಆವಿಯೊಡನೆ ಕೂಡಿಸಿ ಮತ್ತೆ ಒಡೆಯುತ್ತದೆ.

ಅಂದರೆ ಕಾವು ನೀರನ್ನು ಒಡೆಯುವ ಕಡೆಗೆ ಎಳೆಯುತ್ತದೆ. ಒತ್ತಡ ಒಡೆದದ್ದನ್ನು ಮಿಥೇನಾಗಿಯೂ ನೀರಾಗಿಯೂ ಮತ್ತೆ ಕಟ್ಟುವ ಕಡೆಗೆ ಎಳೆಯುತ್ತದೆ. ಎರಡೂ ಒಂದೇ ನೊಗಕ್ಕೆ ಕಟ್ಟಿದ, ಬೇರೆಬೇರೆ ದಿಕ್ಕಿಗೆ ಮುಖ ಮಾಡಿದ ಎತ್ತುಗಳು. ಹಾಳೆಯಲ್ಲಿ "ನೀರೇ ಗ್ಯಾಸಾಗುತ್ತದೆ" ಎಂಬುದನ್ನೂ "ಅಧಿಕ ಒತ್ತಡದಿಂದ ಅಧಿಕ ಗ್ಯಾಸು" ಎಂಬುದನ್ನೂ ಒಂದರ ಕೆಳಗೊಂದು ಅಚ್ಚು ಹಾಕಿದ್ದವನಿಗೆ ಈ ಎತ್ತುಗಳ ಪರಿಚಯವಿರಲಿಲ್ಲವೋ, ಇದ್ದೂ ಬಾಯಿ ಬಿಡಲಿಲ್ಲವೋ, ನಾನು ಹೇಳಲಾರೆ.

ಒತ್ತಡದ ಯಂತ್ರಗಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ದಕ್ಷಿಣ ಆಫ್ರಿಕದ ಸಾಸೋಲ್‌ಬರ್ಗಿನಲ್ಲಿ 1955ರಿಂದ ಕಲ್ಲಿದ್ದಲಿನ ಗ್ಯಾಸನ್ನು ತೆಗೆಯಲು ಬಳಸಿದ ಜರ್ಮನಿಯ ಲುರ್ಗಿ ಯಂತ್ರಗಳು ವಾತಾವರಣದ ಇಪ್ಪತ್ತೈದು ಪಟ್ಟಿನ ಸುಮಾರಿನ ಒತ್ತಡದಲ್ಲಿ ನಡೆದವು. ಸ್ವೀಡನ್ನಿನ ವಾರ್ನಾಮೊ ಎಂಬ ಊರಿನಲ್ಲಿ 1990ರ ದಶಕದಲ್ಲಿ ಕಟ್ಟಿಗೆಯ ಚೂರುಗಳನ್ನೇ ಹದಿನೆಂಟು ಪಟ್ಟು ಒತ್ತಡದಲ್ಲಿ ಅನಿಲವಾಗಿಸಿ ಆರು ಮೆಗಾವಾಟ್ ವಿದ್ಯುತ್ತು ತೆಗೆದರು. ಅಲ್ಲಿ ಒತ್ತಡ ಬೇಕಾದದ್ದಕ್ಕೆ ಬೇರೆಯೇ ಕಾರಣವಿತ್ತು. ಅನಿಲವನ್ನು ಉರಿಸುವ ಟರ್ಬೈನಿಗೆ ಅದನ್ನು ಒತ್ತಿಯೇ ಕೊಡಬೇಕು. ಮೊದಲೇ ಒತ್ತಡದಲ್ಲಿ ಹುಟ್ಟಿಸಿದರೆ ಆಮೇಲೆ ಒತ್ತುವ ಖರ್ಚು ಉಳಿಯುತ್ತದೆ, ಪಾತ್ರೆಗಳೂ ಚಿಕ್ಕದಾಗುತ್ತವೆ.

ಹಸಿಯಾಗಿದ್ದಷ್ಟೂ ಒಳ್ಳೆಯದೆಂಬ ಮಾತು ಸತ್ಯವಾಗುವ ಲೋಕವೂ ಒಂದಿದೆ. 374 ಡಿಗ್ರಿ ಕಾವು, ವಾತಾವರಣದ 218 ಪಟ್ಟು ಒತ್ತಡ ಇವೆರಡನ್ನೂ ದಾಟಿದ ಮೇಲೆ ನೀರು ದ್ರವವೂ ಅಲ್ಲ, ಆವಿಯೂ ಅಲ್ಲ. ನಮ್ಮ ತ್ರಿಶಂಕುವಿನ ಹಾಗೆ ನಡುವಿನ ಸ್ಥಿತಿ. ಆ ಸ್ಥಿತಿಯಲ್ಲಿ ನೀರನ್ನು ಆರಿಸಿ ತೆಗೆಯಬೇಕಾದ ಪ್ರಶ್ನೆಯೇ ಇಲ್ಲ. ಹಸಿ ಸೊಪ್ಪು, ರಾಡಿ, ಹಣ್ಣಿನ ಸಿಪ್ಪೆ ಎಲ್ಲ ಆ ನೀರಿನಲ್ಲೇ ಕರಗಿ ಒಡೆಯುತ್ತವೆ. 600 ಡಿಗ್ರಿಯ ಮೇಲಕ್ಕೆ ಒಯ್ದರೆ ಜಲಜನಕ ಹೆಚ್ಚು, 400ರ ಆಸುಪಾಸಿನಲ್ಲಿ ತಕ್ಕ ವೇಗವರ್ಧಕ ಕೊಟ್ಟು ಇಟ್ಟರೆ ಮಿಥೇನ್ ಹೆಚ್ಚು. ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ 2003ರಿಂದ ಇಂಥದೊಂದು ಪ್ರಯೋಗಸ್ಥಾವರದಲ್ಲಿ ಗಂಟೆಗೆ ನೂರು ಕಿಲೊದಷ್ಟು ಹಸಿ ಸರಕನ್ನು ಹಾಯಿಸಿ ನೋಡಿದರು. ಅಂಥ ಒತ್ತಡವನ್ನು ತಡೆಯುವ ಕೊಳವೆಗಳನ್ನು ಹಾನಗಲ್ಲಿನ ಯಾವ ವೆಲ್ಡಿಂಗ್ ಅಂಗಡಿಯೂ ಬೆಸೆಯಲಾರದು.

ದೂರ ಹೋಗುವುದೇಕೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀ ಎಸ್. ದಾಸಪ್ಪನವರ ತಂಡ ಕಟ್ಟಿಗೆಗೆ ಗಾಳಿಯ ಬದಲು ಆಮ್ಲಜನಕವನ್ನೂ ಕಾದ ಆವಿಯನ್ನೂ ಕೊಟ್ಟು ಒಂದು ಕಿಲೊ ಕಟ್ಟಿಗೆಯಿಂದ ನೂರು ಗ್ರಾಮಿನಷ್ಟು ಜಲಜನಕವನ್ನು ಪಡೆದಿದೆ. ಒಂದು ಕಿಲೊ ಕಟ್ಟಿಗೆಯಲ್ಲಿ ಇರುವ ಜಲಜನಕವೇ ಅರವತ್ತು ಗ್ರಾಮಿನಷ್ಟು. ಉಳಿದ ನಲವತ್ತು ಗ್ರಾಮು ಎಲ್ಲಿಂದ ಬಂತು? ಆವಿಯಿಂದ. ಇದನ್ನು ಕೇಳಿದಾಗ ನನಗೆ ರೋಮಾಂಚವಾಯಿತು. ಆದರೆ ಅಲ್ಲಿಯೂ ಆವಿಯನ್ನು ಬೇರೆಯಾಗಿ ಕಾಯಿಸಿ, ಅಳೆದು ಕೊಟ್ಟದ್ದು. ಆವಿ ಹೆಚ್ಚಿಸಿದಷ್ಟು ಜಲಜನಕ ಹೆಚ್ಚಿತಾದರೂ ಒಟ್ಟು ದಕ್ಷತೆ ಇಳಿಯಿತು.

ಹಸಿ ಬೆಂಡಿನೊಳಗಿನ ನೀರು ಹೀಗೆ ಅಳೆದು ಬರುವಂಥದಲ್ಲ. ಸವಣೂರಿನ ಕಲ್ಮಠದ ದೊಡ್ಡಹುಣಸೆ ಮರಗಳನ್ನು ತಾವು ನೋಡಿರಬಹುದು. ಹೆಸರಿಗೆ ಹುಣಸೆ, ಜಾತಿಯಿಂದ ಆಫ್ರಿಕದ ಮರ. ಆ ದೈತ್ಯ ಕಾಂಡದಲ್ಲಿ ಕಟ್ಟಿಗೆಗಿಂತ ನೀರಿನ ತೂಕವೇ ಹೆಚ್ಚು. ಬರಗಾಲದ ನಾಡಿನಲ್ಲಿ ಬದುಕುವ ಉಪಾಯವದು. ಅದನ್ನು ಮುಟ್ಟಿ ನಿಂತಾಗ ಎಷ್ಟು ಕಟ್ಟಿಗೆ ಎಂದು ಬೆರಗಾಗುತ್ತೇವೆ; ತಕ್ಕಡಿಯಲ್ಲಿ ಕೂರುವುದು ಬಹುಪಾಲು ನೀರು. ನಮ್ಮ ಕಣದಲ್ಲಿ ಬಿದ್ದಿರುವ ಬೆಂಡಿನ ರಾಶಿಯಲ್ಲಿಯೂ ಕಣ್ಣಿಗೆ ಕಾಣುವುದು ಬೆಂಡು, ತೂಕಕ್ಕೆ ಬರುವುದು ಬೆಂಡು ಮತ್ತು ನೀರು.

ಹಿರೇಕೆರೂರ ತಾಲ್ಲೂಕಿನಲ್ಲಿ ನಮ್ಮ ಅಕ್ಕನ ಮನೆ. ಭಾವನವರಿಗೆ ಹತ್ತೆಕರೆ ಗೋವಿನಜೋಳ. ಮಾವನವರು ಹೊಟ್ಟಿನ ಜೊತೆಗೆ ಈ ಬೆಂಡನ್ನೂ ನೆಚ್ಚಿಕೊಂಡಿದ್ದರು. ಭತ್ತದ ಹೊಟ್ಟು ಗಿರಣಿಯಲ್ಲೇ ಬೀಳುವುದಾದರೂ ಅದರಲ್ಲಿ ನೂರಕ್ಕೆ ಹದಿನೆಂಟು ಇಪ್ಪತ್ತರಷ್ಟು ಬೂದಿ, ಅದೂ ಬಹುತೇಕ ಮರಳಿನ ಜಾತಿಯದು. ಬೆಂಡಿನಲ್ಲಿ ಬೂದಿ ಬಹಳ ಕಡಿಮೆ. (ಧಾನ್ಯಗಳಿಗೆ ಜಗಳ ಹಚ್ಚಿ ರಾಗಿಯನ್ನು ಗೆಲ್ಲಿಸಿದ ಕನಕದಾಸರ ಬಾಡ ಗ್ರಾಮ ಇಲ್ಲಿಯೇ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಭತ್ತಕ್ಕೆ ಈ ಒಲೆಯಲ್ಲಿಯೂ ಸೋಲೇ ಎಂದು ತಿಳಿದರೆ ಅವರಿಗೆ ಸಂತೋಷವಾಗುತ್ತಿತ್ತೋ ಏನೋ.) ನಾನು ನವೆಂಬರಿನಲ್ಲಿ ಹಿರೇಕೆರೂರಿಗೆ ಹೋಗಿದ್ದಾಗ, ಅಕಾಲದ ಮಳೆ ಬಂದು ಹೋಗಿ ಎರಡು ದಿನವಾಗಿತ್ತು. ಕಣದಿಂದ ಹತ್ತು ಬೆಂಡುಗಳನ್ನು ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ತಂದೆ. ಅಕ್ಕ ಮೊಸರು ಅವಲಕ್ಕಿಯ ಬುತ್ತಿಯನ್ನೂ ಅದೇ ಕೈಚೀಲದಲ್ಲಿಟ್ಟು, "ಕಾಲೇಜಿಗೆ ಒಯ್ಯೋದು ಇದನ್ನೇನು?" ಎಂದು ಬಹಳ ಹೊತ್ತು ನಕ್ಕಳು.

ನಮ್ಮ ಪ್ರಯೋಗಶಾಲೆಯ ಒಲೆಯಲ್ಲಿ 105 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ತೂಗಿದಾಗ ನೂರು ಗ್ರಾಮು ಬೆಂಡು ಎಪ್ಪತ್ತೊಂದು ಗ್ರಾಮಾಗಿತ್ತು. ಇಪ್ಪತ್ತೊಂಬತ್ತು ಗ್ರಾಮು ನೀರು. ಇಂಥ ಯಂತ್ರಗಳು ಕೇಳುವುದು ನೂರಕ್ಕೆ ಹದಿನೈದರ ಒಳಗಿನ ತೇವ.

ಲೆಕ್ಕವನ್ನು ಸಹೋದ್ಯೋಗಿ ಹಾಜರಿ ಪುಸ್ತಕದ ರಟ್ಟಿನ ಮೇಲೆಯೇ ಮಾಡಿದರು. ಒಂದು ಕಿಲೊ ನೀರನ್ನು ಕುದಿಸಿ, ಆವಿಯಾಗಿಸಿ, ಆ ಆವಿಯನ್ನು 800 ಡಿಗ್ರಿಗೆ ಏರಿಸಲು ಸುಮಾರು 4,000 ಕಿಲೊಜೂಲ್ ಬೇಕು. ಒಂದು ಕಿಲೊ ಒಣ ಬೆಂಡು ಪೂರ್ತಿ ಉರಿದರೆ ಕೊಡುವುದು ಸುಮಾರು 17,000. ಅಂದರೆ ಒಂದೊಂದು ಕಿಲೊ ನೀರೂ ಯಂತ್ರದ ಒಳಗೆ ಬಂದು ಕುಳಿತುಕೊಳ್ಳುವ ಮೊದಲೇ ಕಾಲು ಕಿಲೊ ಬೆಂಡನ್ನು ತಿಂದುಬಿಟ್ಟಿತು. ಇದು ಅದನ್ನು ಒಡೆಯುವ ಖರ್ಚಲ್ಲ, ಬರಿಯ ಬಾಗಿಲ ಸುಂಕ. ಒಡೆಯಲು ಕೊಟ್ಟ ಶಾಖ ಅನಿಲದಲ್ಲಿ ಮರಳಿ ಬರುತ್ತದೆ. ಈ ಸುಂಕ ಬಹುಮಟ್ಟಿಗೆ ಬರುವುದಿಲ್ಲ, ಅನಿಲವನ್ನು ತಣಿಸುವ ನೀರಿನಲ್ಲಿ ಹರಿದುಹೋಗುತ್ತದೆ. ಇನ್ನೂ ಕೆಟ್ಟದ್ದು ಮುಂದಿದೆ. ನೀರು ಶಾಖವನ್ನು ಕಸಿದುಕೊಂಡಂತೆ ಕೆಂಡದ ಕಾವು ಇಳಿಯುತ್ತದೆ. ಇಳಿದ ಕಾವಿನಲ್ಲಿ ನೀರು ಒಡೆಯುವುದು ನಿಧಾನವಾಗುತ್ತದೆ. ಗ್ಯಾಸಾಗಬೇಕಾಗಿದ್ದ ನೀರು ಬರಿ ಆವಿಯಾಗಿಯೇ ದಾಟಿಹೋಗುತ್ತದೆ, ಜೊತೆಗೆ ಕಟ್ಟಿಗೆಯ ಹೊಗೆಯಲ್ಲಿನ ಡಾಂಬರಿನಂಥ ಜಿಗುಟೂ ಒಡೆಯದೆ ಸಾಗಿ ಎಂಜಿನ್ನಿನ ಕವಾಟಗಳಿಗೆ ಮೆತ್ತಿಕೊಳ್ಳುತ್ತದೆ. ಹಸಿ ಬೆಂಡು ಹಾಕಿದಷ್ಟೂ ನೀರಿನಿಂದ ಬರುವ ಗ್ಯಾಸು ಹೆಚ್ಚುವ ಬದಲು ಗ್ಯಾಸೇ ಬಡವಾಗುವ ಬಗೆ ಇದು.

ನಮ್ಮ ಹಳ್ಳಿಗಳಿಗೆ ಒಪ್ಪುವ ಯಂತ್ರ ಎಂಥದೆಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇತ್ತು. ಅದೇ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಗ್ರಾಮಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರವನ್ನು ತೆರೆದರು. ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಕಟ್ಟಿಗೆಯ ಅನಿಲಯಂತ್ರವನ್ನು ತಿದ್ದಿ ಹದಕ್ಕೆ ತಂದರು. 1988ರಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ, ಅಲ್ಲಿಯವರೆಗೆ ವಿದ್ಯುತ್ತನ್ನೇ ಕಾಣದ ಪುಟ್ಟ ಊರಿನಲ್ಲಿ 3.7 ಕಿಲೊವಾಟಿನ ಯಂತ್ರ ಕೂತಿತು. ಊರ ಬಳಿಯೇ ಮರ ಬೆಳೆಸಿ, ಕಡಿದು, ಒಣಗಿಸಿ ಹಾಕಿದರು. ದೀಪ ಬಂತು, ಕುಡಿಯುವ ನೀರು ಬಂತು, ಹಿಟ್ಟಿನ ಗಿರಣಿ ತಿರುಗಿತು. ವರ್ಷಗಟ್ಟಲೆ ಅದು ನಡೆಯಿತು. ಅಲ್ಲಿ ಅಧಿಕ ಒತ್ತಡವೇನೂ ಇರಲಿಲ್ಲ. ಈ ಜಾತಿಯ ಯಂತ್ರದಲ್ಲಿ ಎಂಜಿನ್ನೇ ಅನಿಲವನ್ನು ಹೀರಿಕೊಳ್ಳುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಒಂದು ಕೂದಲೆಳೆಯಷ್ಟು ಕಡಿಮೆಯೇ. ತಿರುವಲು ಇರುವ ಕೀಲಿ ಒಂದೇ, ಕಾವು. ಅದನ್ನು ಕಾಯುವ ಉಪಾಯವೂ ಒಂದೇ, ಒಣ ಕಟ್ಟಿಗೆ.

ಈ ಹೀರುವ ಗುಣಕ್ಕೆ ಇನ್ನೊಂದು ಪ್ರಯೋಜನವಿದೆ. ನನ್ನನ್ನು ಕೇಳಿದರೆ ಹಣದ ಲೆಕ್ಕಕ್ಕಿಂತ ಇದು ದೊಡ್ಡದು. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಸ್ವಲ್ಪ ಸೋರಿದರೂ ಮನುಷ್ಯ ನಿದ್ದೆ ಬಂತೆಂದು ಮಲಗಿ ಮತ್ತೆ ಏಳದೆ ಹೋಗಬಹುದು. ಹೀರುವ ಯಂತ್ರದಲ್ಲಿ, ಅದು ನಡೆಯುತ್ತಿರುವಾಗ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದೂ ಅಪಾಯವೇ, ಆದರೆ ಎಂಜಿನ್ನು ತಡವರಿಸಿ ಕೂಡಲೇ ಕೂಗಿ ಹೇಳುತ್ತದೆ. ಒತ್ತಡದ ಯಂತ್ರದಲ್ಲಿ ಬಿರುಕು ಬಿಟ್ಟರೆ ಒಳಗಿನದು ಹೊರಗೆ ಬರುತ್ತದೆ. ಮಾವನವರ ಗಿರಣಿಯಲ್ಲಿ ಮಳೆಗಾಲದ ರಾತ್ರಿ ಬಾಗಿಲು ಹಾಕಿಕೊಂಡು ಇಬ್ಬರು ಆಳುಗಳು ಮಲಗುತ್ತಾರೆ.

ಇದನ್ನೆಲ್ಲ ನಾನು ಹಾನಗಲ್ಲಿಗೆ ಹೋಗಿ ಮಾವನವರಿಗೆ ಹೇಳಿದೆ. ಬಸ್ಸಿನ ಕೂಸಿನ ಉಪಮೆಯನ್ನು ಅವರು ಬಹಳ ಮೆಚ್ಚಿದರು. ಆಳುಗಳ ಮಾತು ಬಂದಾಗ ಮಾತ್ರ ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಗಿರಣಿಯ ಹಿಂದಿನ ಕೋಣೆಯ ಕಡೆಗೆ ಒಂದು ಸಲ ನೋಡಿದರು.

ಮುಂದಿನ ವಾರ ಏಜಂಟ ಬಂದ. ಮಾವನವರು ಚಹಾ ಕೊಟ್ಟು, ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, ಎರಡೇ ಪ್ರಶ್ನೆ ಕೇಳಿದರು.

"ನೋಡ್ರಿ, ನಿಮ್ಮ ಯಂತ್ರದಾಗ ಕೆಂಡದ ಕಾವು ಎಷ್ಟು ಡಿಗ್ರಿ ಇರತೈತಿ? ಮತ್ತ ನೂರಕ್ಕ ಮೂವತ್ತು ನೀರಿದ್ದ ಬೆಂಡು ಹಾಕಿದರ ಅದು ಎಷ್ಟಕ್ಕ ಇಳಿತೈತಿ? ಇಷ್ಟನ್ನ ಕಾಗದದ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ."

ಏಜಂಟ ಒತ್ತಡದ ಮಾತೆತ್ತಿದ. "ಒತ್ತಡದ್ದು ಆಮ್ಯಾಲೆ. ಮೊದಲ ಕಾವಿನದು" ಎಂದರು ಮಾವನವರು. ಕಂಪನಿಯನ್ನು ಕೇಳಿ ತಿಳಿಸುವುದಾಗಿ ಹೇಳಿ ಅವನು ಹೋದ. ಸಂಕ್ರಾಂತಿಯಾದರೂ ಉತ್ತರ ಬರಲಿಲ್ಲ. ಗದ್ದೆಯ ಕಾಗದಪತ್ರ ಟ್ರಂಕಿನಲ್ಲೇ ಉಳಿಯಿತು.

ಮಾವನವರು ಯಂತ್ರದ ಯೋಚನೆಯನ್ನೇನೂ ಬಿಟ್ಟಿಲ್ಲ. ಹೀರುವ ಜಾತಿಯ ಸಣ್ಣ ಯಂತ್ರ, ಎಂಜಿನ್ನಿನ ಹೊಗೆಯ ಬಿಸಿಯಲ್ಲೇ ಬೆಂಡು ಒಣಗಿಸುವ ಒಂದು ಗೂಡು, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರ, ಇಷ್ಟರ ಅಂದಾಜನ್ನು ಬೇರೆ ಕಡೆಯಿಂದ ತರಿಸುತ್ತಿದ್ದಾರೆ. ಆದರೆ ಈಗ ತೊಡಕು ಬಂದಿರುವುದು ಹಿರೇಕೆರೂರಿನಿಂದ. ಇಷ್ಟು ದಿನ ಬೆಂಡಿಗೆ ಕಿಲೊ ಲೆಕ್ಕದಲ್ಲಿ ದುಡ್ಡು ಕೊಡುವ ಮಾತಾಗಿತ್ತು. ಹಾಗಾದರೆ ನೂರು ಕಿಲೊ ಕೊಂಡರೆ ಇಪ್ಪತ್ತೊಂಬತ್ತು ಕಿಲೊ ನೀರಿಗೆ ತಾನು ದುಡ್ಡು ಕೊಟ್ಟಂತಾಗುತ್ತದೆ, ಅದನ್ನು ಕೊಡಲಾರೆ ಎಂದು ಮಾವನವರು ಫೋನಿನಲ್ಲಿ ಹೇಳಿದ್ದಾರೆ. ಒಂದು ತಿಂಗಳು ಕಣದಲ್ಲಿ ಹರವಿ, ಮಳೆ ಬಂದರೆ ತಾಡಪತ್ರಿ ಹೊದಿಸಿ ಒಣಗಿಸಬೇಕಾದರೆ ಕಿಲೊಕ್ಕೆ ಎಂಟಾಣೆ ಹೆಚ್ಚು ಬೇಕೆಂದು ಭಾವನವರು ಹೇಳಿದ್ದಾರೆ. ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಇಬ್ಬರೂ ಬಂದಿದ್ದರು. ಊಟದ ಪಂಕ್ತಿಯಲ್ಲಿ ಎದುರುಬದುರು ಕುಳಿತು ಹೋಳಿಗೆ ಮುಗಿಯುವವರೆಗೆ ಇದೇ ಚೌಕಾಶಿ ನಡೆಯಿತು. ಮಾವನವರು ನಾಲ್ಕಾಣೆಯವರೆಗೆ ಬಂದಿದ್ದಾರೆ.